ಹಿಡಿದುಬಿಟ್ಟೆನೋ, ಹಿಡಿದು ಬಿಟ್ಟೆನೋ

ಜನವರಿ ೮, ಭಾನುವಾರ

ಅಕ್ಕಾ,

ಈ ಕಾಗದವನ್ನು ನಿಂತು ಓದಬೇಡ, ಕೂತು ಓದು. ಇಪ್ಪತ್ತಾರು ವರ್ಷಗಳಿಂದ ಪಠ್ಯಪುಸ್ತಕಗಳ ಮುದ್ರಣಾಲಯದಲ್ಲಿ ಕರಡು ತಿದ್ದುತ್ತ, ಇನ್ನೊಬ್ಬರ ಒಂದು ಅಲ್ಪವಿರಾಮವನ್ನೂ ಕದಿಯದೆ ಬಾಳಿದ ನಿನ್ನ ತಮ್ಮ ಕೊನೆಗೂ ಅಪರಾಧಿಯಾಗಿದ್ದಾನೆ. ತಪ್ಪೊಪ್ಪಿಗೆ ಹೀಗಿದೆ: ಇಂದು ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಪೂರ್ಣ ಎಚ್ಚರದಲ್ಲಿ, ಯಾರ ಬಲವಂತವೂ ಇಲ್ಲದೆ, ನಾನು ಒಂದು ಗಂಟು ಬಿಚ್ಚಿದೆ.

ಗಂಟು ಭಾವನ ದೋಣಿಯದು. ನಿನಗೆ ಆ ಒಳನಾಡಿನ ನರ್ಸಿಂಗ್ ಕಾಲೇಜಿಗೆ ವರ್ಗವಾಗಿ ನೀವಿಬ್ಬರೂ ಹೊರಟಾಗ ಭಾವ ನನಗೆ ಒಪ್ಪಿಸಿದ ಕೆಲಸ ನೆನಪಿದೆಯಲ್ಲ? ವಾರಕ್ಕೊಮ್ಮೆ ದೋಣಿಗಳು ನಿಲ್ಲುವ ದಕ್ಕೆಗೆ ಹೋಗುವುದು, ಕಟ್ಟಿಹಾಕಿದ ದೋಣಿಯ ಎಂಜಿನ್ನನ್ನು ಹತ್ತು ನಿಮಿಷ ಓಡಿಸುವುದು, ನಿಲ್ಲಿಸುವುದು, ಮನೆಗೆ ಬರುವುದು. ಎಂಜಿನ್ ಓಡಬೇಕು, ದೋಣಿ ಓಡಬಾರದು. ಇದು ಯಾವ ಸೀಮೆಯ ವ್ಯಾಕರಣ ಅಕ್ಕಾ? ಕ್ರಿಯಾಪದವಿದೆ, ಕ್ರಿಯೆಯೇ ಇಲ್ಲ.

ನನ್ನ ಸಹ ಅಪರಾಧಿ ಸ್ಪ್ಯಾನರಮ್ಮ. ದಕ್ಕೆಯ ಮೂಲೆಯ ತಗಡಿನ ಶೆಡ್ಡಿನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುತ್ತಾರಲ್ಲ, ಸೆರಗನ್ನು ಸೊಂಟಕ್ಕೆ ಬಿಗಿದು ಅದರಲ್ಲಿ ಸ್ಪ್ಯಾನರ್ ಸಿಕ್ಕಿಸಿಕೊಂಡು, ಅವರು. ಮೂರು ಭಾನುವಾರ ನನ್ನ ಹತ್ತು ನಿಮಿಷದ ತಪಸ್ಸನ್ನು ನೋಡಿದವರು ಇವತ್ತು ಹತ್ತಿರ ಬಂದು, "ಸಾರ್, ಕಟ್ಟಿದ ನಾಯಿನ ಎಷ್ಟು ದಿನ ಅಂತ ಬೊಗಳಿಸ್ತೀರಿ? ಒಂದು ಸುತ್ತು ತಿರುಗಾಡಿಸ್ಕೊಂಡು ಬರೋಣ, ಹತ್ತಿ" ಎಂದರು. ಹತ್ತಿದೆ. ಚುಕ್ಕಾಣಿ ಅವರ ಕೈಯಲ್ಲಿ, ಜೀವ ನನ್ನ ಕೈಯಲ್ಲಿ. ತೀರ ಬಿಟ್ಟು ತೀರಾ ದೂರವೇನೂ ಹೋಗಲಿಲ್ಲ. ಐಸ್ ಕಾರ್ಖಾನೆಯ ಚಿಮಣಿ ಪೆನ್ಸಿಲ್ಲಿನಷ್ಟು ಕಾಣುತ್ತಿತ್ತು.

ಅಲ್ಲಿ ಗಾಳ ಹಾಕಿದ್ದಾಯಿತು. ಅಕ್ಕಾ, ಜೀವನವಿಡೀ ಬೇರೆಯವರ ವಾಕ್ಯಗಳಿಗೆ ಕೊಕ್ಕೆ ಹಾಕಿದವನಿಗೆ ನಿಜವಾದ ಕೊಕ್ಕೆಯ ಶಾಸ್ತ್ರ ಇಷ್ಟಿದೆಯೆಂದು ಗೊತ್ತಿರಲಿಲ್ಲ. ಮೊದಲು ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಬೇಕು, ಬಿಡಿಸುವಾಗ ಬಾಯಿ ಹರಿಯದಂತೆ. ಮೀನು ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಬೇಕು. "ಅದರ ಮೈಮೇಲಿನ ಲೋಳೆನೇ ಅದರ ಅಂಗಿ ಸಾರ್. ಒಣಗೈಯಲ್ಲಿ ಹಿಡಿದ್ರೆ ಅಂಗಿ ಬಿಚ್ಚಿಸಿ ಮನೆಗೆ ಕಳಿಸಿದ ಹಾಗೆ." ಇನ್ನೊಂದು ನಿಯಮ ಎಲ್ಲಕ್ಕಿಂತ ಚಂದ: ಮೀನು ನೀರಿನಿಂದ ಮೇಲೆ ಬಂದ ಕ್ಷಣ ನಾವೂ ಉಸಿರು ಹಿಡಿಯಬೇಕು. ನಮಗೆ ಸಾಕೆನಿಸಿದಾಗ ಅದಕ್ಕೂ ಸಾಕಾಗಿರುತ್ತದೆ. ಇದೆಲ್ಲ ಭಾವ ಕಲಿಸಿದ್ದಂತೆ. ಹಲ್ಲಿನ ಡಾಕ್ಟರು ಮೀನಿಗೂ "ಬಾಯಿ ತೆಗಿ" ಅನ್ನುತ್ತಿದ್ದರೆ?

ಒಂದು ಬೆಳ್ಳಿ ಬಣ್ಣದ ಮೀನು ಬಂತು. ಅದನ್ನು ನಾನೇ ಹಿಡಿದೆ ಎಂದು ಹೇಳಿಕೊಳ್ಳುವುದಿಲ್ಲ. ಯಾರಾದರೂ ಹಾಗೆ ಹೇಳಿದರೆ ಅಲ್ಲಗಳೆಯುವುದೂ ಇಲ್ಲ. ನೀರಿಗೆ ಇಳಿಸಿದಾಗ ಒಂದು ಗಳಿಗೆ ಅಂಗೈಯಲ್ಲೇ ನಿಂತಿತ್ತು, ಇಷ್ಟೊಂದು ಮರ್ಯಾದೆ ಯಾಕೆ ಎಂದು ಯೋಚಿಸುವ ಹಾಗೆ. ಆಮೇಲೆ ಇಲ್ಲ. ಹಾಳೆಯ ಮೇಲಿದ್ದ ಅಕ್ಷರ ತಾನಾಗಿ ಎದ್ದುಹೋದ ಹಾಗೆ. ಆಗಿನಿಂದ ಒಂದೇ ತಲೆಕೊರೆತ: ಅದು ಕೆಳಗೆ ಹೋಗಿ ಏನು ಮಾಡುತ್ತದೆ? ಬಾಯಿನೋವು ಎಷ್ಟು ದಿನ? ಪುನಃ ಅದೇ ಕೊಕ್ಕೆಗೆ ಬಾಯಿ ಹಾಕುತ್ತದೆಯೆ? ಭಾವನನ್ನು ಕೇಳಿ ಬರೆ. ಅವರೇಕೆ ನನಗೆ ಒಂದು ಸಾಲೂ ಬರೆದಿಲ್ಲ?

ನಿನ್ನ ತಮ್ಮ (ಜಾಮೀನಿನ ಮೇಲೆ)


ಜನವರಿ ೧೯

ತಮ್ಮಾ,

ದೋಣಿ ಕಟ್ಟು.

ನಿನ್ನ ಕಾಗದವನ್ನು ಊಟಕ್ಕೆ ಕೂತಾಗ ಭಾವನಿಗೆ ಓದಿ ಹೇಳಿದೆ. ಮೀನು ಎಂದಿದ್ದ ಕಡೆಯೆಲ್ಲ ಹವಾಮಾನ ಅಂತ ಓದಿದೆ. ಹವಾಮಾನಕ್ಕೆ ಅಂಗಿ ಬಿಚ್ಚಿಸಿದರು ಅನ್ನುವಲ್ಲಿ ಸ್ವಲ್ಪ ಕಷ್ಟವಾಯಿತು.

ಅವರು ಚೆನ್ನಾಗಿದ್ದಾರೆ. ಇಲ್ಲಿಯ ಗಾಳಿ ಒಗ್ಗಿದೆ. ದೋಣಿಯನ್ನು ಐಸ್ ಕಾರ್ಖಾನೆಯವರು ಕೇಳಿದ್ದಾರೆ. ಮಾರ್ಚ್ ಒಂದನೇ ತಾರೀಖಿಗೆ ಭಾವ ಕಾಗದಕ್ಕೆ ಸಹಿ ಹಾಕಿ ಕಳಿಸುತ್ತಾರೆ. ಅಲ್ಲಿಯವರೆಗೆ ಎಂಜಿನ್ ಮಾತ್ರ, ಹತ್ತು ನಿಮಿಷ ಮಾತ್ರ. ಇನ್ನು ಮೇಲೆ ಆ ವಿಷಯ ಬರೆಯಬೇಡ. ಬೆಚ್ಚಗಿನ ಬನಿಯನ್ ಹಾಕಿಕೋ.

ಅಕ್ಕ


ಜನವರಿ ೨೬

ಅಕ್ಕಾ,

ಅರ್ಥವಾಯಿತು. ಮೂವತ್ತು ವರ್ಷ ಗಂಡನ ಅಂಗಿಯಿಂದ ಬಂದ ಮೀನಿನ ವಾಸನೆಗೆ ನೀನು ಕೊನೆಗೂ ಸೇಡು ತೀರಿಸಿಕೊಳ್ಳುತ್ತಿದ್ದೀಯ. ದೋಣಿ ಮಾರಿಸಿ, ಭಾವನಿಗೆ ಕುಂಡದಲ್ಲಿ ಗುಲಾಬಿ ಗಿಡ ಕೊಡಿಸಿ, ಸಾಯಂಕಾಲ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿಸುತ್ತೀಯ. ಹೆಂಗಸರ ರಾಜ್ಯಭಾರ!

ಆದರೂ ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ದೋಣಿ ಕಟ್ಟಲಿಲ್ಲ. ಮೀನಮೇಷ ಎಣಿಸುತ್ತ ಕೂತರೆ ಮೇಷ ಇಲ್ಲೇ ಉಳಿಯುತ್ತದೆ, ಮೀನ ಹೋಗಿಬಿಡುತ್ತದೆ. ಈಗ ನಾಲ್ಕು ಸಲ ಸಮುದ್ರಕ್ಕೆ ಹೋಗಿದ್ದೇನೆ. ಕಡಲು ನನ್ನನ್ನು ಗುರುತು ಹಿಡಿಯಲು ಶುರುಮಾಡಿದೆ. ದೋಣಿಯಲ್ಲಿ ನನ್ನ ಭಂಗಿಯೇ ಬೇರೆಯಾಗಿದೆ ಎಂದು ಸ್ಪ್ಯಾನರಮ್ಮ ಹೇಳುತ್ತಾರೆ.

ಈ ವಾರ ಒಂದು ಅದ್ಭುತ ಉಪಾಯ ಹೂಡಿದೆ. ಆಳದಿಂದ ಬೇಗ ಎಳೆದು ತಂದ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಊದಿಕೊಳ್ಳುತ್ತದೆ. ಪಾಪ, ಬಿಟ್ಟರೂ ಮುಳುಗಲಾರದೆ ಬಲೂನಿನಂತೆ ತೇಲುತ್ತದೆ. ಅದಕ್ಕೆ ಹಾಲಿನ ಪ್ಯಾಕೆಟ್ಟು ತುಂಬುವ ಪ್ಲಾಸ್ಟಿಕ್ ಕ್ರೇಟನ್ನು ಬೋರಲು ಹಾಕಿ, ಅಂಚಿಗೆ ತೂಕ ಕಟ್ಟಿ, ಮೇಲೆ ಹಗ್ಗ ಬಿಗಿದು, ಒಳಗೆ ಮೀನನ್ನಿಟ್ಟು ಕೆಳಗಿಳಿಸುವುದು. ಆಳಕ್ಕೆ ಹೋದಂತೆ ಗಾಳಿ ಕುಗ್ಗುತ್ತದೆ, ಮೀನು ಸಮ ಸ್ಥಿತಿಗೆ ಬಂದು ತಾನೇ ಈಜಿ ಹೊರಗೆ ಹೋಗುತ್ತದೆ, ನಾವು ಖಾಲಿ ಕ್ರೇಟ್ ಎಳೆದುಕೊಳ್ಳುತ್ತೇವೆ. ಲಿಫ್ಟಿನಲ್ಲಿ ಮೇಲೆ ತಂದವರು ಲಿಫ್ಟಿನಲ್ಲೇ ಕೆಳಗೆ ಬಿಡಬೇಕು ತಾನೆ? ಇದಕ್ಕೆ 'ಮೀನಾವತರಣ' ಎಂದು ಹೆಸರಿಟ್ಟಿದ್ದೇನೆ. ಉಪಾಯ ನನ್ನದು ಎಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ಇದನ್ನು ನೋಡಿ ಸ್ಪ್ಯಾನರಮ್ಮ ಒಂದು ಮಾತು ಅಂದರು. "ಡಾಕ್ಟ್ರು ಕೊನೇ ಸಲ ಹೋದಾಗ ಇದು ಇದ್ದಿದ್ರೆ ಚೆನ್ನಾಗಿತ್ತು." ಯಾಕೆ ಎಂದು ಕೇಳಿದರೆ, "ನನಗೇನು ಗೊತ್ತು ಸಾರ್. ಬಂದೋರು ಒಂದು ಗಂಟೆ ದಕ್ಕೆ ಮೆಟ್ಟಿಲ ಮೇಲೆ ಕೂತಿದ್ರು. ಟೀ ಕೊಟ್ರೆ ಆರಿಸಿ ಚೆಲ್ಲಿದ್ರು" ಎಂದರು. ಅಕ್ಕಾ, ನೀನು ಹವಾಮಾನ ಅಂತ ಓದಿದ್ದು ತಮಾಷೆಗಲ್ಲ, ಅಲ್ಲವೆ?

ತಮ್ಮ


ಫೆಬ್ರವರಿ ೪

ತಮ್ಮಾ,

ಅಲ್ಲ.

ಇಷ್ಟು ದಿನ ಹೇಳಲಿಲ್ಲ. ನೀನು ತಮಾಷೆ ಮಾಡುತ್ತೀಯ ಅಂತಲ್ಲ, ನೀನು ತಮಾಷೆ ಮಾಡಿದರೆ ನಾನು ನಕ್ಕುಬಿಡುತ್ತೇನೆ ಅಂತ.

ಹನ್ನೊಂದು ವರ್ಷದಿಂದ ಭಾವ ತಾವು ಬಿಟ್ಟ ಒಳ್ಳೆಯ ಮೀನುಗಳಿಗೆಲ್ಲ ಒಂದು ಗುರುತು ಹಾಕುತ್ತಿದ್ದರು. ಬೆನ್ನಿನ ರೆಕ್ಕೆಯ ಬುಡದಲ್ಲಿ ದಪ್ಪ ದಾರದಂಥ ಹಳದಿ ಪ್ಲಾಸ್ಟಿಕ್ ಎಳೆ. ಅದರ ಮೇಲೆ ನಂಬರು, ಕ್ಲಿನಿಕ್ಕಿನ ವಿಳಾಸ. ಹಿಡಿದವರು ಯಾರಾದರೂ ಒಂದು ಕಾರ್ಡ್ ಹಾಕಲಿ, ಮೀನು ಎಲ್ಲಿಗೆ ಹೋಯಿತು, ಎಷ್ಟು ಬೆಳೆಯಿತು ತಿಳಿಯಲಿ ಅಂತ. ನೀಲಿ ರಟ್ಟಿನ ಪುಸ್ತಕದಲ್ಲಿ ಪ್ರತಿ ಮೀನಿಗೂ ಒಂದು ಪುಟ; ರೋಗಿಗಳಿಗೆ ಬರೆಯುತ್ತಿದ್ದ ಹಾಗೇ ಬರೆದಿದ್ದಾರೆ. ಮುನ್ನೂರ ಹನ್ನೆರಡು ಮೀನು. ಒಂದು ಕಾರ್ಡೂ ಬರಲಿಲ್ಲ. "ಸಮುದ್ರ ದೊಡ್ಡದು ಕಣೇ" ಅನ್ನುತ್ತಿದ್ದರು.

ಮುನ್ನೂರ ಹನ್ನೆರಡನೆಯದು ನೀನು ಹೇಳಿದೆಯಲ್ಲ ಬಲೂನು, ಹಾಗಾಯಿತು. ಇವರು ಬಿಟ್ಟರು, ಅದು ಹೊಟ್ಟೆ ಮೇಲೆ ಮಾಡಿ ದೋಣಿಯ ಹಿಂದೆಯೇ ತೇಲಿಕೊಂಡು ಬಂತಂತೆ. ಕಣ್ಣು ತೆರೆದೇ ಇತ್ತಂತೆ. ಅವತ್ತಿನಿಂದ ಅವರ ಲೆಕ್ಕ ಬದಲಾಯಿತು. ಕಾರ್ಡು ಬರದಿದ್ದುದು ಸಮುದ್ರ ದೊಡ್ಡದು ಅಂತಲ್ಲ, ಒಂದೂ ಬದುಕಲಿಲ್ಲ ಅಂತ. "ನಾನು ಬಿಡ್ತಿರಲಿಲ್ಲ, ಕಣ್ಣಿಗೆ ಕಾಣದ ಜಾಗದಲ್ಲಿ ಕೊಲ್ತಿದ್ದೆ" ಅಂದರು. ಒಂದೇ ಸಲ ಅಂದರು. ಮತ್ತೆ ಆ ಮಾತಿಲ್ಲ.

ಈಗ ಬೆಳಿಗ್ಗೆಯಿಂದ ಬಾಲ್ಕನಿಯಲ್ಲಿ ಕೂರುತ್ತಾರೆ. ಕೈ ಎಲ್ಲಿಡಬೇಕೆಂದು ತಿಳಿಯದೆ ಒಂದನ್ನು ಇನ್ನೊಂದರ ಮೇಲೆ ಇಟ್ಟುಕೊಳ್ಳುತ್ತಾರೆ, ತೆಗೆಯುತ್ತಾರೆ. ದೋಣಿ ಹೋದರೆ ಹೋಗಲಿ ತಮ್ಮಾ. ಅದು ಹೋದ ಮೇಲೆ ಈ ಮನುಷ್ಯನನ್ನು ಎಬ್ಬಿಸಲು ನನ್ನ ಹತ್ತಿರ ಏನೂ ಉಳಿಯುವುದಿಲ್ಲ. ಅದೇ ಭಯ.

ಅಕ್ಕ


ಫೆಬ್ರವರಿ ೧೨, ಭಾನುವಾರ

ಅಕ್ಕಾ! ಅಕ್ಕಾ! ಅಕ್ಕಾ!

ಮೂರು ಆಶ್ಚರ್ಯಸೂಚಕ ಚಿಹ್ನೆ. ನನ್ನ ಕಸುಬಿನವರು ಇಡೀ ವರ್ಷಕ್ಕೆ ಬಳಸುವಷ್ಟು.

ಹಳದಿ ಎಳೆ! ಕೆಂಪು ಮೀನು, ಮೊಳದುದ್ದ, ಇವತ್ತು ಬೆಳಿಗ್ಗೆ ಒಂಬತ್ತೂವರೆಗೆ. ನಂಬರು ೩೦೯. ಭಾವನಿಗೆ ಹೇಳು, ನಾನು, ನಿನ್ನ ತಮ್ಮ, ಈ ಕೈಯಿಂದ, ಮುನ್ನೂರ ಒಂಬತ್ತನ್ನು ಹಿಡಿದುಬಿಟ್ಟೆ! ಏನು ಜಗ್ಗಾಟ ಅಂತೀಯ! ಗಾಳದ ಕೋಲು ಪ್ರಶ್ನಾರ್ಥಕ ಚಿಹ್ನೆಯಾಯಿತು, ನಾನು ಪೂರ್ಣವಿರಾಮದಂತೆ ಕದಲದೆ ಕೂತೆ. ಸ್ಪ್ಯಾನರಮ್ಮ ಬೆರಗಾಗಿ ನೋಡುತ್ತಿದ್ದರು. ಉಳಿದದ್ದು ಆಮೇಲೆ, ಇದನ್ನು ಅಂಚೆ ಡಬ್ಬಿಗೆ ಹಾಕಲು ಓಡುತ್ತಿದ್ದೇನೆ.

ಸಮುದ್ರವೀರ ತಮ್ಮ


ಫೆಬ್ರವರಿ ೧೬

ತಮ್ಮಾ,

ಏನು ಮಾಡಿಬಿಟ್ಟೆಯೋ?

ಊಟಕ್ಕೆ ಕೂತಾಗ ನಿನ್ನ ಕಾಗದ ತೆಗೆದೆ. ಹವಾಮಾನ ಗಿವಾಮಾನ ಏನೂ ಮಾಡದೆ, ಇದ್ದದ್ದು ಇದ್ದ ಹಾಗೆ ಗಟ್ಟಿಯಾಗಿ ಓದಿದೆ. 'ಹಿಡಿದುಬಿಟ್ಟೆ' ಅನ್ನುವವರೆಗೂ ಓದಿದೆ. ಭಾವ ನೀರಿನ ಲೋಟ ಕೆಳಗಿಟ್ಟರು.

"ಮುಗೀತು" ಅಂದರು. "ಇದ್ದದ್ದು ಒಂದು. ಅದನ್ನೂ ನಿನ್ನ ತಮ್ಮ ಹಿಡಿದುಬಿಟ್ಟ."

"ಅಯ್ಯೋ, ಹಿಡಿದು ಬಿಟ್ಟಿರ್ತಾನೆ ಕಣ್ರೀ."

"ಎಲ್ಲಿ, ಕೊಡು ನೋಡೋಣ." ಕನ್ನಡಕ ಹಾಕಿಕೊಂಡು ಬೆರಳಿಟ್ಟು ನೋಡಿದರು. "ನಡುವೆ ಜಾಗ ಬಿಟ್ಟಿಲ್ಲ. ಬಿಟ್ಟಿದ್ರೆ ಬಿಟ್ಟು ಬರೀತಿದ್ದ. ಇಪ್ಪತ್ತಾರು ವರ್ಷದಿಂದ ಅವನ ಕೆಲಸವೇ ಅದಲ್ವಾ?"

ನಾನೂ ನೋಡಿದೆ. ಕೂದಲೆಳೆ ಜಾಗವೂ ಇಲ್ಲ. ಹೇಳು, ಅದನ್ನು ಹಿಡಿದು ಇಟ್ಟುಕೊಂಡೆಯೋ, ಹಿಡಿದು ಬಿಟ್ಟೆಯೋ?

ಇನ್ನೂ ಒಂದು. ಆಮೇಲೆ ಕೈತೊಳೆಯಲು ಎದ್ದವರು ಬಾಗಿಲ ಹತ್ತಿರ ನಿಂತು, "ನಂಬರು ಯಾರು ಬೇಕಾದರೂ ಹೇಳಬಹುದು. ನಿನ್ನ ತಮ್ಮ ನನಗೆ ಸಮಾಧಾನ ಆಗಲಿ ಅಂತ ಬುರುಡೆ ಬಿಡೋದೂ ಹೊಸದಲ್ಲ. ಅದರ ಬಾಯಲ್ಲಿ ಏನಿತ್ತು ಕೇಳು. ಮೇಲಿನ ಕೋರೆಹಲ್ಲು" ಅಂದರು. ಐದು ತಿಂಗಳಲ್ಲಿ ಅವರು ತಾವಾಗಿ ಕೇಳಿದ ಮೊದಲ ಪ್ರಶ್ನೆ ಇದು. ಬೇಗ ಬರೆ. ಸಹಿಗೆ ಎರಡು ವಾರವೂ ಇಲ್ಲ.

ಅಕ್ಕ


ಫೆಬ್ರವರಿ ೧೮

ಅಕ್ಕಾ,

ನನ್ನ ಹಣೆಗೆ ಕೆಂಪು ಶಾಯಿಯಲ್ಲಿ ತಪ್ಪು ಹಾಕು. ಮಕ್ಕಳ ವ್ಯಾಕರಣ ಪುಸ್ತಕದಲ್ಲಿ 'ಕೊಟ್ಟು ಬಿಟ್ಟ' ಮತ್ತು 'ಕೊಟ್ಟುಬಿಟ್ಟ' ಎರಡರ ವ್ಯತ್ಯಾಸದ ಬಗ್ಗೆ ಅರ್ಧ ಪುಟದ ಟಿಪ್ಪಣಿ ಸೇರಿಸಲು ಹಟ ಹಿಡಿದವನು ನಾನು. ಸಂತೋಷಕ್ಕೆ ಸಿಕ್ಕಿದ ಮನುಷ್ಯ ಸಂಧಿ ಮಾಡಬಾರದ ಕಡೆ ಸಂಧಿ ಮಾಡುತ್ತಾನೆ. ತಿದ್ದುಪಡಿ ಹೀಗಿದೆ, ಭಾವನಿಗೆ ತೋರಿಸು:

ಹಿಡಿದು                                        ಬಿಟ್ಟೆ.

ನಡುವೆ ಸಮುದ್ರದಷ್ಟು ಜಾಗ ಬಿಟ್ಟಿದ್ದೇನೆ; ಮೀನು ಅಲ್ಲೇ ಈಜುತ್ತಿದೆ. ಲಿಫ್ಟಿನಲ್ಲಿ ಕೆಳಗೆ ಕಳಿಸಿದ್ದು. ಎಳೆಯನ್ನು ಕೀಳಲಿಲ್ಲ, ನಂಬರು ಓದಿ ಹಾಗೇ ಬಿಟ್ಟದ್ದು.

ಹಲ್ಲಿನ ವಿಷಯ ಈಗಲೇ ಬರೆಯುತ್ತಿದ್ದೆ, ಆದರೆ ಪ್ರೆಸ್ಸಿನಲ್ಲಿ ಭೂಗೋಳ ಒಂಬತ್ತನೇ ತರಗತಿ ತಲೆ ಮೇಲೆ ಕೂತಿದೆ. ಇಂಥ ಸೂಕ್ಷ್ಮ ವಿಷಯವನ್ನು ಅವಸರದಲ್ಲಿ ಬರೆಯಬಾರದು. ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳುತ್ತಿದ್ದೇನೆ. ನಾಲ್ಕು ದಿನ ಕೊಡು.

ತಮ್ಮ


ಫೆಬ್ರವರಿ ೨೧

ಒಂದು ಮೊಳದ ಮೀನನ್ನು ಕೈಯಲ್ಲಿ ಹಿಡಿದವನಿಗೆ ಅದರ ಬಾಯಲ್ಲಿ ಹಲ್ಲಿತ್ತೋ ಇಲ್ಲವೋ ಹೇಳಲು ನಾಲ್ಕು ದಿನ ಬೇಕೆ? ನಿನ್ನ ಭೂಗೋಳ ಹಾಳಾಗಲಿ.

ತಮ್ಮಾ, ಸುಳ್ಳಾದರೆ ಈಗಲೇ ಹೇಳು. ನನಗೆ ಹೇಳು, ಅವರಿಗಲ್ಲ; ಕಾಲೇಜಿನ ವಿಳಾಸಕ್ಕೆ ಬರೆ. ಟಪಾಲಿನವನ ಸೈಕಲ್ ಬೆಲ್ಲಿಗೆ ಬಾಲ್ಕನಿಯಿಂದ ಎದ್ದು ಬರಲು ಶುರುಮಾಡಿದ್ದಾರೆ. ಎರಡು ಸಲ ಬಂದರು. ಮೂರನೇ ಸಲ ಬರಿಗೈಯಲ್ಲಿ ವಾಪಸು ಕಳಿಸಲಾರೆ.

ಅಕ್ಕ


ಫೆಬ್ರವರಿ ೨೩

ಅಕ್ಕಾ,

ಬರೆದುಕೋ. ಮೇಲಿನ ಕೋರೆಹಲ್ಲು ಎರಡೂ ಇದ್ದವು. ಎಡಗಡೆಯದು ಉದ್ದ, ಹಳದಿ, ಬೆರಳಿಗೆ ಚುಚ್ಚುವಂಥದು. ಬಲಗಡೆಯದು ಚಿಕ್ಕದು, ಅದರ ಅರ್ಧದಷ್ಟೂ ಇಲ್ಲ, ಬೆಳ್ಳಗೆ ಹಾಲುಹಲ್ಲಿನ ಹಾಗೆ. ಇದಕ್ಕಿಂತ ಹೆಚ್ಚು ಗೊತ್ತಿಲ್ಲ. ಇದು ಸತ್ಯ. ಬೇರೆ ಯಾವುದನ್ನು ನಂಬದಿದ್ದರೂ ಈ ನಾಲ್ಕು ಸಾಲು ನಂಬು.

ಸರಿಯಾದ ಉತ್ತರ ಯಾವುದೆಂದು ನನಗೆ ಗೊತ್ತಿಲ್ಲ ಅಕ್ಕಾ. ಪರೀಕ್ಷೆ ಬರೆದ ಹುಡುಗನ ಹಾಗೆ ಟಪಾಲು ಕಾಯುತ್ತಿದ್ದೇನೆ.

ತಮ್ಮ


ಫೆಬ್ರವರಿ ೨೬, ಭಾನುವಾರ

ತಮ್ಮಾ,

ನಿನ್ನೆ ಒಂದು ತಪ್ಪು ಮಾಡಿದೆ, ಮೊದಲು ಅದನ್ನು ಹೇಳುತ್ತೇನೆ.

ನಿನ್ನ ಕಾಗದ ಕಾಲೇಜಿನ ವಿಳಾಸಕ್ಕೆ ಬಂತು. ನೀಲಿ ಪುಸ್ತಕವನ್ನು ಎರಡು ದಿನದಿಂದ ನನ್ನ ಚೀಲದಲ್ಲೇ ಇಟ್ಟುಕೊಂಡಿದ್ದೆ. ಹುಡುಗಿಯರು ಬ್ಯಾಂಡೇಜು ಸುತ್ತುವ ಅಭ್ಯಾಸ ಮಾಡುತ್ತಿದ್ದ ಕೋಣೆಯ ಮೂಲೆಯಲ್ಲಿ ಕೂತು ಮುನ್ನೂರ ಒಂಬತ್ತನೇ ಪುಟ ತೆಗೆದೆ. ಭಾವನ ಅಕ್ಷರ: 'ಬಲ ಮೇಲಿನ ಕೋರೆಹಲ್ಲು ಬುಡದವರೆಗೆ ಮುರಿದಿದೆ. ಎಡ ಸರಿ.' ನೀನು ಎರಡೂ ಇದ್ದವು ಅಂತ ಬರೆದಿದ್ದೆ.

ಅಲ್ಲೇ ನಿನ್ನನ್ನು ಮನಸ್ಸಿನಲ್ಲಿ ಎಷ್ಟು ಬೈಯಬೇಕೋ ಬೈದೆ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪುಸ್ತಕದೊಳಗೆ ಸೇರಿಸಿ, ಮನೆಗೆ ಬಂದು, ಟಪಾಲು ಬಂದಿಲ್ಲ ಅಂತ ಹೇಳಿದೆ. ನಾನು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಅವರು ನನ್ನ ಚೀಲದಿಂದ ಪುಸ್ತಕ ತೆಗೆದುಕೊಂಡಿದ್ದಾರೆ.

ಒಳಗೆ ಹೋಗಿ ನೋಡಿದರೆ ಪುಟವನ್ನೂ ಕಾಗದವನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದಾರೆ.

"ಹೋಗಲಿ ಬಿಡಿ. ಅವನ ಬುದ್ಧಿ ನಿಮಗೆ ಗೊತ್ತಲ್ಲ" ಅಂದೆ.

"ಹಾಲುಹಲ್ಲಿನ ಹಾಗೆ" ಅಂದರು. "ಹಾಲುಹಲ್ಲಿನ ಹಾಗೆ ಅಂತ ಬರೆದಿದ್ದಾನೆ ಕಣೇ." ಎದ್ದು ನಿಂತರು. "ಬೆಳೀತಿದೆ! ಮೀನಿಗೆ ಬಿದ್ದ ಹಲ್ಲು ಮತ್ತೆ ಬರುತ್ತೆ. ಮತ್ತೆ ಬಿದ್ರೆ ಮತ್ತೆ ಬರುತ್ತೆ. ಮೂವತ್ತೈದು ವರ್ಷ ಹಲ್ಲು ಕಿತ್ತವನಿಗೆ ಇದು ಹೊಳೀಲಿಲ್ಲ ನೋಡು! ಅದು ಬದುಕಿದೆ. ಬದುಕಿರೋದು ಮಾತ್ರ ಅಲ್ಲ, ಹಲ್ಲು ಬೇರೆ ಹುಟ್ಟಿಸ್ಕೊಂಡಿದೆ!"

"ಅವನು ಸುಳ್ಳು ಹೇಳಿದ್ರೆ?"

"ಸುಳ್ಳು ಹೇಳೋನು ಮುರಿದಿತ್ತು ಅಂತಾನೆ, ಇಲ್ಲ ಚೆನ್ನಾಗಿತ್ತು ಅಂತಾನೆ. ಅರ್ಧ ಬೆಳೆದ ಹಲ್ಲನ್ನ ಕಲ್ಪಿಸಿ ಬರೆಯೋ ತಾಕತ್ತು ನಿನ್ನ ತಮ್ಮನಿಗೆಲ್ಲಿಂದ ಬರಬೇಕು?"

ಆಮೇಲೆ ಕನ್ನಡಿ ಮುಂದೆ ನಿಂತು ತಮ್ಮ ಬಾಯಿ ತೆರೆದು ದವಡೆಯ ಖಾಲಿ ಜಾಗ ನೋಡಿಕೊಂಡು, "ಅನ್ಯಾಯ ಆಗಿರೋದು ನಮಗೆ" ಅಂದರು. ನಾನು ನಕ್ಕೆ. ಅಳುತ್ತಿದ್ದೆ ಅಂತ ಅವರು ಹೇಳುತ್ತಾರೆ, ನಂಬಬೇಡ.

ಸಹಿ ಇಲ್ಲ. ಐಸ್ ಕಾರ್ಖಾನೆಯವರಿಗೆ ದೋಣಿ ಕೊಡುವುದಿಲ್ಲ ಅಂತ ಬರೆದು ಹಾಕಿದ್ದೂ ಆಯಿತು. ಈಗ ಮುನ್ನೂರ ಹನ್ನೆರಡರ ಪುಟ ತೆಗೆದು, ಇಷ್ಟು ಆಳದಿಂದ ತಂದದ್ದಕ್ಕೆ ಲಿಫ್ಟಿನ ಹಗ್ಗ ಎಷ್ಟುದ್ದ ಬೇಕಿತ್ತು ಅಂತ ಲೆಕ್ಕ ಹಾಕುತ್ತಿದ್ದಾರೆ. ಮೊದಲು ಆ ಪುಟ ತೆರೆಯುತ್ತಲೇ ಇರಲಿಲ್ಲ.

ಮಾರ್ಚ್ ಹನ್ನೊಂದರ ರೈಲಿಗೆ ಬರುತ್ತಾರೆ. ಮರುದಿನ ಬೆಳಿಗ್ಗೆಯೇ ಸಮುದ್ರಕ್ಕೆ. ಅವರ ಷರತ್ತು ಒಂದೇ: ಕೋಲು ನೀನೇ ಹಿಡಿಯಬೇಕು. "ನಾನು ಪಕ್ಕದಲ್ಲಿ ಕೂತು ನೋಡ್ತೀನಿ. ಅವನು ಹೇಗೆ ಎಳೆದ, ಹೇಗೆ ಹಲ್ಲು ನೋಡಿದ, ಲಿಫ್ಟನ್ನ ಹೇಗೆ ಇಳಿಸಿದ, ಒಂದೊಂದೂ ಮಾಡಿ ತೋರಿಸಬೇಕು. ನನ್ನ ಭಾವಮೈದುನ ಇಷ್ಟು ಗಟ್ಟಿಗ ಅಂತ ಗೊತ್ತೇ ಇರಲಿಲ್ಲ" ಅಂತಾರೆ. ಮಹಡಿಯವರಿಗೆ, ಟಪಾಲಿನವನಿಗೆ, ನನ್ನ ಕಾಲೇಜಿನ ಜವಾನನಿಗೆ, ಎಲ್ಲರಿಗೂ ಹೇಳಿದ್ದಾರೆ. ಒಂದೇ ಒಂದು ಸಲ ನಿನ್ನ ಬಗ್ಗೆ ಹೆಮ್ಮೆಯಾಯಿತು ಕಣೋ.

ಅಕ್ಕ


ಮಾರ್ಚ್ ೨

ಅಕ್ಕಾ,

ಈ ಕಾಗದವನ್ನು ಭಾವನಿಗೆ ಗಟ್ಟಿಯಾಗಿ ಓದಬೇಡ. ಓದಲೇಬೇಕೆಂದರೆ ನನ್ನ ಹೆಸರು ಬಂದ ಕಡೆಯೆಲ್ಲ ಹವಾಮಾನ ಎಂದು ಓದು.

ಮೊದಲು ಗಟ್ಟಿ ನೆಲದ ಮೇಲೆ ನಿಲ್ಲುತ್ತೇನೆ: ಮೀನು ನಿಜ. ಹಳದಿ ಎಳೆ ನಿಜ. ಮುನ್ನೂರ ಒಂಬತ್ತು ನಿಜ. ಹಲ್ಲು ನಿಜ. ಅದು ಆಳಕ್ಕೆ ಇಳಿದದ್ದು, ಕ್ರೇಟ್ ಖಾಲಿಯಾಗಿ ಮೇಲೆ ಬಂದದ್ದು, ಎಲ್ಲ ನಿಜ. ಇದಕ್ಕೆಲ್ಲ ಸಾಕ್ಷಿ ಸ್ಪ್ಯಾನರಮ್ಮ. 'ಬೆರಗಾಗಿ ನೋಡುತ್ತಿದ್ದರು' ಎಂದು ನಾನು ಬರೆದಿದ್ದೆನಲ್ಲ, ಅದರಲ್ಲೊಂದು ಸಣ್ಣ ಕರಡು ದೋಷವಿದೆ. ಅವರು ನೋಡುತ್ತಿರಲಿಲ್ಲ, ಹಿಡಿಯುತ್ತಿದ್ದರು. ಎಳೆದದ್ದು ಅವರು, ಕೈ ಒದ್ದೆ ಮಾಡಿಕೊಂಡದ್ದು ಅವರು, ಉಸಿರು ಕಟ್ಟಿಕೊಂಡು ಹಲ್ಲು ನೋಡಿದ್ದು ಅವರು. ಲಿಫ್ಟು ಅವರ ತಂದೆಯ ಕಾಲದ್ದು, ಇಷ್ಟು ವರ್ಷ ಶೆಡ್ಡಿನ ಮೂಲೆಯಲ್ಲಿ ಮರೆತು ಬಿದ್ದಿತ್ತಂತೆ. ನಾನು ಕೊಟ್ಟದ್ದು ಮೀನಾವತರಣ ಎಂಬ ಹೆಸರು, ಅದನ್ನೂ ಅವರು ಬೇಡವೆಂದರು. ಹಲ್ಲಿನ ಉತ್ತರಕ್ಕೆ ನಾಲ್ಕು ದಿನ ಕೇಳಿದ್ದು ಭೂಗೋಳದಿಂದಲ್ಲ. ಅವರು ಪಕ್ಕದ ಬಂದರಿಗೆ ಒಂದು ಎಂಜಿನ್ ಬಿಚ್ಚಲು ಹೋಗಿದ್ದರು. ವಾಪಸು ಬರುವವರೆಗೆ ಅವರ ಶೆಡ್ಡಿನ ಬಾಗಿಲಲ್ಲಿ ಪ್ರತಿ ಸಂಜೆ ಕಾದೆ. ಬಂದವರು ನಕ್ಕು, "ಅಲ್ಲ ಸಾರ್, ನಿಮ್ಮ ಪಕ್ಕದಲ್ಲೇ ಬಾಯಿ ತೆಗೆದು ತೋರಿಸಿದ್ನಲ್ಲ, ನೋಡ್ಲಿಲ್ವಾ?" ಎಂದರು.

ನೋಡಲಿಲ್ಲ ಅಕ್ಕಾ. ನನ್ನದೇ ಬಾಯಿ ತೆರೆದಿತ್ತು.

ಇದುವರೆಗೆ ಏಳು ಸಲ ಸಮುದ್ರಕ್ಕೆ ಹೋಗಿದ್ದೇನೆ, ಏಳು ಸಲವೂ ಐಸ್ ಕಾರ್ಖಾನೆ ದಾಟುವ ಮುಂಚೆಯೇ ಹೊಟ್ಟೆ ಬಾಯಿಗೆ ಬಂದಿದೆ. ದೋಣಿಯಲ್ಲಿ ನನ್ನ ಭಂಗಿಯೇ ಬೇರೆ ಎಂದು ಅವರು ಹೇಳಿದ್ದು ಸುಳ್ಳಲ್ಲ. ಮೊಣಕಾಲೂರಿ, ತಲೆ ಹೊರಗೆ ಹಾಕಿ, ಟವೆಲ್ ಹೊದ್ದು ಇರುವ ಭಂಗಿ ಅದು. ಮುನ್ನೂರ ಒಂಬತ್ತು ಬಂದಾಗ ಅವರು ಕೂಗಿ ಹೇಳಿದ ನಂಬರನ್ನು ಟವೆಲ್ಲಿನೊಳಗಿಂದ ಕೇಳಿಸಿಕೊಂಡೆ. ಆದರೆ ನನ್ನ ಪಾಲು ಏನೂ ಇಲ್ಲವೆನ್ನಬೇಡ. "ನಿಮ್ಮ ಬೆಳಗಿನ ತಿಂಡಿ ಬಿದ್ದ ಜಾಗಕ್ಕೇ ಅದು ಬಂದಿದ್ದು ಸಾರ್, ಎರೆ ನಿಮ್ಮದೇ" ಎಂದು ಸ್ಪ್ಯಾನರಮ್ಮ ದಕ್ಕೆಯಲ್ಲಿ ಎಲ್ಲರೆದುರು ಒಪ್ಪಿಕೊಂಡಿದ್ದಾರೆ.

ಹಾಗಾದರೆ ಮತ್ತೆ ಮತ್ತೆ ಯಾಕೆ ಹೋದೆ ಎಂದು ನೀನು ಕೇಳುತ್ತೀಯ. ಟವೆಲ್ಲಿನ ಸಂದಿಯಿಂದ ಒಂದನ್ನು ಮಾತ್ರ ನೋಡುತ್ತಿದ್ದೆ: ಅವರು ಕೈ ತೆರೆದಾಗ ಮೀನು ಒಂದು ಗಳಿಗೆ ಹೋಗದೆ ನಿಲ್ಲುವುದು. ಅದು ಯಾಕೆ ನಿಲ್ಲುತ್ತದೆ ಎಂದು ಇನ್ನೂ ತಿಳಿದಿಲ್ಲ. ಭಾವನಿಗೆ ಗೊತ್ತಿರಬಹುದು. ಅವರು ಬರಲಿ. ಕೋಲು ಅವರೇ ಹಿಡಿಯಲಿ, ಹಲ್ಲು ಅವರೇ ನೋಡಲಿ, ಬೇಕಾದರೆ ನನ್ನ ಕಿವಿಯನ್ನೂ ಅವರೇ ಹಿಂಡಲಿ. ನಾನು ಟವೆಲ್ ತರುತ್ತೇನೆ.

ಅವರಿಗೆ ಇಷ್ಟು ಮಾತ್ರ ಮೊದಲೇ ತಿಳಿಸಿಬಿಡು. ಆ ದೋಣಿಯಲ್ಲಿ ನಿನ್ನ ತಮ್ಮ ಇವತ್ತಿನವರೆಗೆ ಎರಡೂ ಕೈಯಿಂದ ಹಿಡಿದದ್ದು ಒಂದನ್ನೇ, ದೋಣಿಯ ಅಂಚನ್ನು. ಅದನ್ನು ಒಂದು ಸಲವೂ ಬಿಟ್ಟಿಲ್ಲ.

ತಮ್ಮ